ನೂರ ನಲವತ್ತು ನಕ್ಷತ್ರ

ಕನ್ನಡಿಯ ಮುಂದೆ ನಿಂತು ಕಾಲರ್ ಸರಿಮಾಡಿಕೊಳ್ಳುತ್ತಿದ್ದವನಿಗೆ ತನ್ನದು ಯಾರನ್ನೋ ಮೆಚ್ಚಿಸಲು ಹೊರಟವನ ಮುಖ ಅನ್ನಿಸಿ ಬೇಸರವಾಯಿತು. ಮೆಚ್ಚಿಸಲೇಬೇಕಿತ್ತು, ಅದರಲ್ಲಿ ಮುಚ್ಚುಮರೆಯೇನಿಲ್ಲ. ಕಿವಿ ಮಷಿನ್ ಮಾರುವ ಕಂಪನಿಯಲ್ಲಿ ಅವನು ಡಿಜಿಟಲ್ ಕಾರ್ಯತಂತ್ರದ ಮುಖ್ಯಸ್ಥ. ಇವತ್ತು ನಾಲ್ಕು ಗಂಟೆಗೆ ಯಜಮಾನರ ಮುಂದೆ, ಅಂದರೆ ಆಫೀಸಿನಲ್ಲಿ ಎಲ್ಲರೂ ದೊಡ್ಡವರು ಎಂದು ಕರೆಯುವವರ ಮುಂದೆ, ಮಾತಾಡಬೇಕು. ಹದಿನಾರು ಶಾಖೆಗಳಲ್ಲೂ ಒಂದೊಂದು ಹೊಂದಿಸುವ ಕೋಣೆ ಇದೆ. ಗಿರಾಕಿಯನ್ನು ಕೂರಿಸಿ ಹೊಸ ಮಷಿನ್ನನ್ನು ಕಿವಿಗೆ ಒಗ್ಗಿಸುವ ಕೋಣೆ. ಅವನ್ನೆಲ್ಲ ಮುಚ್ಚಿಬಿಡಬಹುದು, ತಾನು ಮಾಡಿಸಿದ ಆ್ಯಪ್ ಆ ಕೆಲಸವನ್ನು ಆರೇ ನಿಮಿಷದಲ್ಲಿ ಮಾಡುತ್ತದೆ ಎಂದು ತೋರಿಸಿಕೊಡಬೇಕು. ತೋರಿಸುವುದಕ್ಕೆ ಅವನ ಹತ್ತಿರ ಒಂದು ಸೊಗಸಾದ ಸಾಕ್ಷಿಯಿತ್ತು. ದಿನಕ್ಕೆ ಎಂಟು ಗಂಟೆ ಮಷಿನ್ ಹಾಕಿಕೊಂಡರೆ ಆ್ಯಪ್ ಒಂದು ನಕ್ಷತ್ರ ಕೊಡುತ್ತದೆ, ಒಂದು ದಿನವೂ ತಪ್ಪದಿದ್ದರೆ ನಕ್ಷತ್ರಗಳ ಸರ ಬೆಳೆಯುತ್ತಾ ಹೋಗುತ್ತದೆ. ಇಡೀ ಕಂಪನಿಯಲ್ಲಿ ಎಲ್ಲರಿಗಿಂತ ಉದ್ದದ ಸರ ನೂರ ನಲವತ್ತು ನಕ್ಷತ್ರದ್ದು. ಆ ಗಿರಾಕಿ ಅವನ ಅಮ್ಮ. ಆಟಗಳಿಂದ ವ್ಯಾಪಾರ ಕಲಿಯಬೇಕು ಎಂದು ಎರಡು ವರ್ಷದಿಂದ ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದ ಅವನಿಗೆ ಆಫೀಸಿನಲ್ಲಿ ಬೆನ್ನ ಹಿಂದೆ ಸ್ಟಾರ್ ಸಾರ್ ಅನ್ನುತ್ತಾರೆ. ಅದು ಅವನಿಗೆ ಗೊತ್ತು, ಗೊತ್ತಿಲ್ಲದವನ ಹಾಗೆ ಇರುತ್ತಾನೆ.

"ಹೊರಡೋಣ್ವಾಮ್ಮಾ?" ಎಂದ, ಕನ್ನಡಿಗೇ ಹೇಳಿದವನಂತೆ. ಒಳಗಿಂದ "ಏನಂದೆ?" ಎಂದು ಬಂತು. "ಏನಿಲ್ಲ ಬಿಡು" ಎಂದ. ಈ ನಾಲ್ಕನೇ ಮಹಡಿಯ ಮನೆಯಲ್ಲಿ ಇರುವವರು ಇಬ್ಬರೇ. ಮದುವೆಯ ಮಾತನ್ನು ಇಬ್ಬರೂ ಕೈಬಿಟ್ಟು ಹತ್ತು ವರ್ಷವಾಗಿತ್ತು, ಉಳಿದ ಮಾತುಗಳು ಒಂದೊಂದೇ ಯಾವಾಗ ಕೈಬಿಟ್ಟು ಹೋದವೋ ಯಾರೂ ಗಮನಿಸಿರಲಿಲ್ಲ. ಏನಂದೆ, ಏನಿಲ್ಲ ಬಿಡು. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಮಷಿನ್ ಬಂದ ಮೇಲೂ ಅದು ನಿಂತಿರಲಿಲ್ಲ. ಮೊದಮೊದಲು ಅವನಿಗೆ ಆಶ್ಚರ್ಯವಾಗುತ್ತಿತ್ತು. ಫೋನು ತೆರೆದು ನೋಡಿದರೆ ಅವತ್ತಿನ ನಕ್ಷತ್ರ ಮಿನುಗುತ್ತಿರುತ್ತಿತ್ತು. ಹಾಗಾದರೆ ಮಷಿನ್ ಸರಿ ಇದೆ, ಅಮ್ಮನಿಗೇ ಗಮನ ಸಾಲದು ಎಂದುಕೊಂಡು ಸುಮ್ಮನಾಗುತ್ತಿದ್ದ. ಅಮ್ಮ ಆಗಲೇ ಒಳ್ಳೆಯ ಬಟ್ಟೆ ಉಟ್ಟು ಕೈಚೀಲ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಇವತ್ತು ಮಗನ ಆಫೀಸಿಗೆ ಅವಳನ್ನೇ ಕರೆಸಿದ್ದಾರೆ ಎಂಬ ಹಿಗ್ಗು ಮುಖದಲ್ಲಿತ್ತು. ಅವನು ಕಿವಿ ಮುಟ್ಟಿ ಸನ್ನೆ ಮಾಡಿದ. ಅವಳು ಚೀಲ ತಟ್ಟಿ, "ಡಬ್ಬೀಲಿದೆ. ಬಸ್ಸಲ್ಲಿ ಗದ್ದಲ ಕಣೋ, ಅಲ್ಲಿ ಹೋಗಿ ಹಾಕ್ಕೋತೀನಿ" ಎಂದಳು.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ, ಅವನು ಈಚೆ. ಅವಳನ್ನು ಕರೆಸಿದ್ದು ಆಟದ ಮೇಡಂ. ಕಂಪನಿಯ ಆ್ಯಪನ್ನು ಪರೀಕ್ಷಿಸಲು ದೊಡ್ಡವರು ಹೊರಗಿನಿಂದ ಕರೆತಂದಿದ್ದ ವಿಡಿಯೋ ಗೇಮ್ ವಿನ್ಯಾಸಕಿ ಆಕೆ; ಹೆಸರು ಹೇಳುವಷ್ಟು ಸಲಿಗೆ ಯಾರಿಗೂ ಬೆಳೆಯದೆ ಎಲ್ಲರ ಬಾಯಲ್ಲೂ ಆಟದ ಮೇಡಂ ಆಗಿಬಿಟ್ಟಿದ್ದರು. ಗಿಡ್ಡ ಕತ್ತರಿಸಿದ ನರೆಗೂದಲು, ಹೆಗಲಿಗೊಂದು ಬಟ್ಟೆಯ ಚೀಲ. ಮೊದಲ ದಿನ ಅವನು ತನ್ನ ನಕ್ಷತ್ರ, ಪದಕ, ಮೆಟ್ಟಿಲು ಎಲ್ಲವನ್ನೂ ಮುಕ್ಕಾಲು ಗಂಟೆ ವರ್ಣಿಸಿದ ಮೇಲೆ ಆಕೆ ಚೀಲದಿಂದ ಪರದೆಯೆಲ್ಲ ಗೀಚಿಹೋದ ಒಂದು ಪುಟ್ಟ ಆಟದ ಪೆಟ್ಟಿಗೆ ತೆಗೆದು ಕೈಗಿತ್ತರು. ಎಡ ಅಂಚಿನಲ್ಲಿ ಹೆಸರುಕಾಳಿನಷ್ಟು ದೊಡ್ಡ ಒಂದು ಪ್ರಾಣಿ. ಒಂದಕ್ಷರ ಬರೆದಿಲ್ಲ. "ಏನ್ ಮಾಡ್ಬೇಕು ಇಲ್ಲಿ?" ಎಂದು ಕೇಳಿದ. ಆಕೆ ಕಿಟಕಿಯ ಕಡೆ ನೋಡುತ್ತಾ ಕೂತರು. ಒತ್ತಿದ, ಪ್ರಾಣಿ ಬಲಕ್ಕೆ ನಡೆಯಿತು. ನಡೆಯಲು ಬಲಗಡೆ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. ಒಂದು ಸಣ್ಣ ಗುಂಡಿ. ಬಿದ್ದ. ಬಿದ್ದ ಕೂಡಲೇ ಪ್ರಾಣಿ ಗುಂಡಿಯ ಈಚೆ ದಡದಲ್ಲೇ ಎದ್ದು ನಿಂತಿತ್ತು, ಬಾ ಇನ್ನೊಂದು ಸಲ ಅನ್ನುವಂತೆ. ಒಂಬತ್ತು ಸಲ ಬಿದ್ದ. ಹತ್ತನೆಯ ಸಲ ದಾಟಿದಾಗ ತಾನು ನಾಲಿಗೆ ಹೊರಗಿಟ್ಟುಕೊಂಡು ಆಡುತ್ತಿದ್ದೇನೆ ಎಂದು ಗೊತ್ತಾಗಿ ನಾಚಿಕೆಯಾಯಿತು. ಆಮೇಲೆ ಅವನನ್ನು ಕಾಡಿದ್ದು ನಾಚಿಕೆಯಲ್ಲ. ಒಂಬತ್ತು ಸಲ ಬಿದ್ದರೂ ಒಂದು ಸಲವೂ ಅವಮಾನವಾಗಲಿಲ್ಲವಲ್ಲ ಎಂಬ ಬೆರಗು. ಈ ವಯಸ್ಸಿಗೆ ಬರುವಷ್ಟರಲ್ಲಿ ಯಾರಾದರೂ ತನ್ನನ್ನು ಇಷ್ಟು ನೆಮ್ಮದಿಯಾಗಿ ಬೀಳಲು ಬಿಟ್ಟಿದ್ದಾರೆಯೇ ಎಂದು ಯೋಚಿಸಿದರೆ ನೆನಪಾಗಿದ್ದು ಅಮ್ಮನೊಬ್ಬಳೇ: ಸೈಕಲ್ಲಿನ ಹಿಂದೆ ಓಡಿಬರುತ್ತಿದ್ದ ಅಮ್ಮ, ಬಿದ್ದಾಗ ಎತ್ತದೆ ಸುಮ್ಮನೆ ನಿಂತು ಕಾಯುತ್ತಿದ್ದ ಅಮ್ಮ. "ಎಷ್ಟು ಸೂಚನೆ ಓದಿದ್ರಿ ಸಾರ್?" ಎಂದು ಆಟದ ಮೇಡಂ ಆಗ ಕೇಳಿದರು. ಒಂದೂ ಇಲ್ಲ. "ನಿಮ್ಮ ಆ್ಯಪಲ್ಲಿ ಸ್ವಾಗತಕ್ಕೆ ಅಂತ ಎಷ್ಟು ಪುಟ ಇಟ್ಟಿದ್ದೀರಿ?" ಹನ್ನೊಂದು. ಆಕೆ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಅಮ್ಮನ ಭುಜ ಅವನಿಗೆ ತಾಗಿತು. ಅವಳು ಹೊರಗೆ ತೋರಿಸಿ ಏನೋ ಹೇಳಿದಳು, ಅವನು ಕೇಳಿಸಿಕೊಳ್ಳದೆಯೇ ತಲೆಯಾಡಿಸಿದ.

ಆಫೀಸೂ ಮುಖ್ಯ ಶಾಖೆಯೂ ಒಂದೇ ಕಟ್ಟಡ; ಅದರ ಎರಡನೇ ಮಹಡಿಯ ಕಾರಿಡಾರಿನಲ್ಲಿ, ಹೊಂದಿಸುವ ಕೋಣೆಯ ಬಾಗಿಲಲ್ಲಿ ಕಿವಿಯಕ್ಕ ನಿಂತಿದ್ದಳು. ಇಪ್ಪತ್ತೇಳು ವರ್ಷದಿಂದ ಅದೇ ಕೋಣೆಯಲ್ಲಿ ಕಿವಿಗಳನ್ನು ಹೊಂದಿಸುತ್ತಿರುವ ತಂತ್ರಜ್ಞೆ. ಗಿರಾಕಿಗಳು ಇಟ್ಟ ಹೆಸರೇ ಸಂಬಳದ ಚೀಟಿಯೊಂದನ್ನು ಬಿಟ್ಟು ಎಲ್ಲ ಕಡೆ ನಿಂತಿತ್ತು. "ಬನ್ನಿ ಸಾರ್. ಇವರು ಅಮ್ಮನಾ? ನಿಮ್ಮದೇ ಮೂಗು" ಎಂದು ನಕ್ಕಳು. ಎರಡು ತಿಂಗಳ ಹಿಂದೆ ಅವನು ಅದೇ ಕೋಣೆಯ ಮೂಲೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತು ಅವಳ ಕೆಲಸವನ್ನು ಅಳೆದಿದ್ದ. ಒಬ್ಬ ಗಿರಾಕಿಗೆ ನಲವತ್ತೊಂದು ನಿಮಿಷ. ಅದರಲ್ಲಿ ಕಾಗದ ಮುದುರುವುದಕ್ಕೆ ನಾಲ್ಕು, ಬೀಗದ ಕೈ ಗೊಂಚಲು ಅಲ್ಲಾಡಿಸುವುದಕ್ಕೆ ಮೂರು, ಹೀಗೆ ಪಟ್ಟಿ ಮಾಡಿ ಕೊನೆಯಲ್ಲಿ 'ಹನ್ನೊಂದು ನಿಮಿಷ: ಏನೂ ಮಾಡಲಿಲ್ಲ' ಎಂದು ಬರೆದು ಅಡಿಗೆರೆ ಎಳೆದಿದ್ದ. ಆ ಸಾಲು ಇವತ್ತು ನಾಲ್ಕು ಗಂಟೆಗೆ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರಲಿತ್ತು. ಅವತ್ತು ಹೊರಡುವಾಗ ಅವಳು, ಬಿಸಿಲಲ್ಲಿ ಬಂದಿದ್ದೀರಿ ಎಂದು ಒಂದು ಲೋಟ ನೀರು ಕೊಟ್ಟಿದ್ದಳು. ಅವಳ ಕೆಲಸಕ್ಕೆ ಕುತ್ತು ತರುವ ಕಾಗದವನ್ನು ಕಂಕುಳಲ್ಲಿಟ್ಟುಕೊಂಡೇ ಅದನ್ನು ಕುಡಿದಿದ್ದ. ಈಗ ಅವಳು, "ನಾಲ್ಕಕ್ಕಲ್ವಾ ಮೀಟಿಂಗು? ಮಧ್ಯೆ ಊಟ ಬಿಡಬೇಡಿ, ಬರೀ ಹೊಟ್ಟೇಲಿ ಮಾತು ಸರಿಯಾಗಿ ಬರಲ್ಲ" ಎಂದಳು. ಎಲ್ಲ ಗೊತ್ತಿದ್ದೇ ಹೇಳಿದಳೋ ಗೊತ್ತಿಲ್ಲದೆಯೋ ಎಂದು ಅವನು ಅವಳ ಮುಖ ನೋಡಲು ಹೋಗಿ ಅವಳ ಚಪ್ಪಲಿ ನೋಡಿದ.

ಪರೀಕ್ಷೆಯ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ. ಆಟದ ಮೇಡಂ ಅಮ್ಮನ ಎದುರಿಗೆ ಕೂತರು, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿಕೊಂಡು. ತುಟಿ ಕಾಣಲಿ ಎಂದು ಹಾಗೆ ಕೂತರು ಎನ್ನುವುದು ಅವನಿಗೆ ಹೊಳೆದಿದ್ದು ಆಮೇಲೆ. ಅವನಿಗೆ ಅಮ್ಮನ ಹಿಂದಿನ ಕುರ್ಚಿ. "ನಿಯಮ ಗೊತ್ತಲ್ಲ ಸಾರ್. ಮಾಡಿದವರು ಹಿಂದೆ. ಮಾತಿಲ್ಲ, ಸನ್ನೆ ಇಲ್ಲ. ಕೈ ಮೇಲೆ ಕೂತ್ಕೊಳ್ಳಿ." ಕೈ ಮೇಲೆ ಅಂದರೆ ಕೈ ಮೇಲೆಯೇ. ಆಟ ಮಾಡುವವರ ಕಡೆ ಹೀಗೆಯೇ ರೂಢಿಯಂತೆ, ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು, ಇಲ್ಲದಿದ್ದರೆ ಯಾವುದೋ ಗಳಿಗೆಯಲ್ಲಿ ಬೆರಳು ತಾನಾಗಿ ಮುಂದೆ ಹೋಗಿ ಇಲ್ಲೊತ್ತಿ ಎಂದು ತೋರಿಸಿಬಿಡುತ್ತದೆ. ಆಡುವವರು ತಪ್ಪಾಯಿತು ಎಂದರೆ ಆಕೆ ಕಾಗದದ ಮೇಲೆ ಒಂದು ಗೀಟು ಹಾಕುತ್ತಾರೆ. ಪ್ರತಿ ಗೀಟೂ ಹಿಂದೆ ಕೂತವನ ತಪ್ಪಿನ ಲೆಕ್ಕ. ಇಷ್ಟು ವಯಸ್ಸಾದವನು ಶಾಲೆಯ ಶಿಕ್ಷೆಯ ಹಾಗೆ ಕೈ ಮೇಲೆ ಕೂತ. ಅವನಿಗೆ ಭಯವೇನೂ ಇರಲಿಲ್ಲ; ನೂರ ನಲವತ್ತು ನಕ್ಷತ್ರದವಳು ಮುಂದೆ ಕೂತಿದ್ದಳು.

"ಅಮ್ಮಾ, ಮಷಿನ್ ಹಾಕ್ಕೊಂಡು, ಆ್ಯಪನ್ನ ಹೊಸದಾಗಿ ಹಾಕಿರೋ ಈ ಫೋನಲ್ಲಿ ಸದ್ದು ಸ್ವಲ್ಪ ಕಮ್ಮಿ ಮಾಡಿ ತೋರಿಸ್ತೀರಾ? ಅಷ್ಟೇ" ಎಂದರು ಆಟದ ಮೇಡಂ, ನಿಧಾನವಾಗಿ. ಅಮ್ಮ ಡಬ್ಬಿ ತೆರೆದಳು. ಎಡಗಿವಿಯದನ್ನು ಬಲಗಿವಿಗೆ ಒತ್ತಿದಳು, ಅದು ಕೂರಲಿಲ್ಲ. ತಿರುಗಿಸಿ ಒತ್ತಿದಳು. ದಿನಾ ಹಾಕಿಕೊಳ್ಳುವವರ ಕೈ ಹೀಗೆ ತಡಕಾಡುವುದಿಲ್ಲ ಎಂದು ಅವನ ಒಳಗೆ ಏನೋ ಹೇಳಿತು. ಪರಿಚಯವಿಲ್ಲದ ಜಾಗ, ಅದಕ್ಕೇ ತಡವರಿಸುತ್ತಿದ್ದಾಳೆ ಎಂದು ಸಮಾಧಾನ ಮಾಡಿಕೊಂಡ. ಕೊನೆಗೆ ಹೇಗೋ ಕೂರಿಸಿಕೊಂಡು ಫೋನು ಮುಟ್ಟಿದಳು. ಸ್ವಾಗತ. ಎರಡನೆಯ ಸ್ವಾಗತ. ನಾಲ್ಕನೆಯ ಪುಟದಲ್ಲಿ ಮುಂದೆ ಹೋಗುವ ಬಟನ್ ಕೆಳಗಿನ ಅಂಚಿನಲ್ಲಿ, ಸರಿಯಾಗಿ ಅವಳ ಹೆಬ್ಬೆರಳಿನ ಅಡಿಯಲ್ಲಿತ್ತು. ಅವಳು ಅದನ್ನೇ ಹುಡುಕುತ್ತಿದ್ದಳು. ಹೆಬ್ಬೆರಳು ಸರಿಸಮ್ಮ, ಅಲ್ಲೇ ಇದೆ, ಅಲ್ಲೇ. ಅವನ ಬಾಯಿ ತೆರೆಯಿತು, ಆಟದ ಮೇಡಂ ಪೆನ್ಸಿಲ್ ಎತ್ತಿದರು, ಅವನು ನಾಲಿಗೆ ಕಚ್ಚಿಕೊಂಡ. ಅಮ್ಮ ಬೇರೆಲ್ಲೋ ಒತ್ತಿದಳು. ಮತ್ತೆ ಮೊದಲ ಪುಟ, ಮತ್ತೆ ಸ್ವಾಗತ. ಈ ಆಟದಲ್ಲಿ ಬಿದ್ದವರು ಗುಂಡಿಯ ದಡದಲ್ಲಿ ಏಳುತ್ತಿರಲಿಲ್ಲ, ಮನೆಯ ಹೊಸಿಲಿನಿಂದ ಮತ್ತೆ ನಡೆಯಬೇಕಿತ್ತು. "ಅಯ್ಯೋ, ತಪ್ಪಾಯ್ತು" ಎಂದಳು ಅಮ್ಮ, ಫೋನಿಗೆ. ಒಂದು ಗೀಟು. ಹೇಗೋ ಒಳಗೆ ಹೋದ ಕೂಡಲೇ ಅವನು ಸ್ವತಃ ಕೂತು ಆರಿಸಿದ್ದ ತುತ್ತೂರಿ ಭರ್ಜರಿಯಾಗಿ ಮೊಳಗಿತು, ಶಭಾಷ್ ಎಂದು ಬಣ್ಣದ ಚೂರುಗಳು ಉದುರಿದವು. ಅದು ನೇರ ಅವಳ ಕಿವಿಯೊಳಗೇ ಮೊಳಗಿತು. ಅಮ್ಮ ಕಣ್ಣು ಬಿಗಿದುಕೊಂಡು, ಎರಡೂ ಮಷಿನ್ ಕಿತ್ತು ಮೇಜಿನ ಮೇಲಿಟ್ಟು, ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. "ತಪ್ಪಾಯ್ತು ತಾಯಿ, ತಪ್ಪಾಯ್ತು. ನನ್ನ ಕೈಲಿ ಆಗಲ್ಲ. ವಯಸ್ಸಾಯ್ತು ನೋಡಿ." ಎರಡು, ಮೂರು ಗೀಟು. ಅವನ ಕೈಗಳು ತೊಡೆಯ ಕೆಳಗೆ ಜೋಮು ಹಿಡಿದಿದ್ದವು.

ಆಟದ ಮೇಡಂ ಪೆನ್ಸಿಲ್ ಕೆಳಗಿಟ್ಟು ಮೇಜಿನ ಮೇಲೆ ಮುಂದಕ್ಕೆ ಬಾಗಿದರು. "ಹಾಗಾದ್ರೆ ಇಷ್ಟೊಂದು ನಕ್ಷತ್ರ ಹೇಗೆ ಬಂತಮ್ಮಾ?" ಅಮ್ಮನ ಮುಖ ಅರಳಿತು. ಕೊನೆಗೂ ಅವಳಿಗೆ ಗೊತ್ತಿರುವ ಪ್ರಶ್ನೆ ಬಂದಿತ್ತು. "ಅದಾ? ಮೊದಲು ಸುಮ್ನೆ ಮೇಜಿನ ಮೇಲೆ ಚಾಲೂ ಮಾಡಿ ಇಟ್ಟೆ, ಬರಲಿಲ್ಲ. ಗಡಿಯಾರದ ಹತ್ರ ಇಟ್ಟೆ, ಅದಕ್ಕೂ ಬರಲಿಲ್ಲ. ಆಮೇಲೆ ರೇಡಿಯೋ ಹಚ್ಚಿ ಅದರ ಪಕ್ಕ ಇಟ್ಟೆ ನೋಡಿ, ಸಂಜೆ ಹೊತ್ತಿಗೆ ಬಂದೇಬಿಡ್ತು! ಆವತ್ತಿಂದ ಇವನು ಆಫೀಸಿಗೆ ಹೋದ ಕೂಡ್ಲೆ ಇಡ್ತೀನಿ, ಬರೋ ಹೊತ್ತಿಗೆ ತೆಗೀತೀನಿ. ಭಾನುವಾರ ಅಡುಗೆಮನೇಲಿ ರೇಡಿಯೋ ಹಚ್ಕೊಂಡು ಇಡ್ತೀನಿ, ಒಂದು ದಿನಾನೂ ತಪ್ಪಿಸಿಲ್ಲ." ಆಮೇಲೆ ಹಿಂದೆ ಮಗ ಕೂತಿರುವುದು ನೆನಪಾಗಿಯೋ ಏನೋ ದನಿ ತಗ್ಗಿಸಿದಳು. ಕಿವಿ ಕೇಳದವರು ದನಿ ತಗ್ಗಿಸಿದರೆ ಅದು ಇಡೀ ಕೋಣೆಗೆ ಕೇಳುತ್ತದೆ. "ನಕ್ಷತ್ರ ಬಂದ್ರೆ ಇವನಿಗೆ ಆಫೀಸಲ್ಲಿ ಒಳ್ಳೇದಂತೆ. ದಿನಾ ಸಂಜೆ ಬಂದು ಫೋನ್ ನೋಡಿ ಖುಷಿ ಪಡ್ತಾನೆ. ಹಾಕ್ಕೊಂಡ್ರೆ ತಟ್ಟೆ ಸದ್ದು ತಲೆಗೆ ಹೊಡಿಯುತ್ತೆ, ಏನ್ ಮಾಡ್ಲಿ. ಅವನ ಕೆಲಸಕ್ಕೆ ತೊಂದ್ರೆ ಆಗಬಾರ್ದಲ್ಲ."

ಅವನು ಗೋಡೆ ನೋಡುತ್ತಿದ್ದ. ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದಕ್ಕೆ ಏನೂ ತೂಗುಹಾಕಿರಲಿಲ್ಲ. ತಟ್ಟೆ ಸದ್ದು ತಲೆಗೆ ಹೊಡಿಯುತ್ತೆ ಕಣೋ: ಇದನ್ನು ಅಮ್ಮ ಹೇಳಿದ್ದಳು, ಮೊದಲ ವಾರವೇ ಹೇಳಿದ್ದಳು, ಅವನು ಫೋನಿನಿಂದ ತಲೆ ಎತ್ತದೆ ಅಭ್ಯಾಸ ಆಗುತ್ತೆ ಬಿಡು ಎಂದಿದ್ದ. ನೂರ ನಲವತ್ತು ಸಂಜೆ ಎದುರಿಗೆ ನಿಂತು ಏನಂದೆ ಎಂದು ಕೇಳಿದವಳ ಕಿವಿಯನ್ನು ಒಂದು ಸಲವೂ ನೋಡದೆ, ಅವಳನ್ನು ನಂಬದೆ ಫೋನಿನೊಳಗಿನ ಚುಕ್ಕಿಯನ್ನು ನಂಬಿದ್ದ. ಅವಳು ಅವನ ಕಂಪನಿಯ ಮಷಿನ್ನನ್ನು ಅವನಿಗೋಸ್ಕರ ರೇಡಿಯೋಗೆ ಕೇಳಿಸಿ, ತಾನು ಇಡೀ ದಿನ ಮೌನದಲ್ಲಿ ಕೂತಿದ್ದಳು. ಆಟದ ಮೇಡಂ ಈಗ ನಗುತ್ತಾರೆ ಎಂದು ಅವನು ಮೈ ಬಿಗಿ ಹಿಡಿದ. ಆಕೆ ನಕ್ಕರು ನಿಜ, ಆದರೆ ಅದು ಬೇರೆ ನಗು. ಅಮ್ಮನ ಕೈ ಹಿಡಿದುಕೊಂಡು, "ಮೇಜು, ಗಡಿಯಾರ, ಆಮೇಲೆ ರೇಡಿಯೋ. ಒಂದೊಂದೇ ಪರೀಕ್ಷೆ ಮಾಡಿದ್ದೀರಿ. ನನ್ನ ಹತ್ರ ಕೆಲಸ ಮಾಡೋರಿಗೂ ಇಷ್ಟು ತಾಳ್ಮೆ ಇಲ್ಲ" ಎಂದರು. ಮನಸಾರೆ ಹೇಳಿದರು. ಆಮೇಲೆ ಅವನ ಕಡೆ ತಿರುಗಿ, "ಆಡೋರು ಮೋಸ ಮಾಡಲ್ಲ ಸಾರ್. ನಾವು ಯಾವುದಕ್ಕೆ ಬಹುಮಾನ ಇಟ್ಟಿರ್ತೀವೋ ಅದನ್ನ ಮಾಡಿ ತೋರಿಸ್ತಾರೆ. ನೀವು ಕೇಳಿಸಿಕೊಳ್ಳೋದಕ್ಕೆ ನಕ್ಷತ್ರ ಇಟ್ಟಿಲ್ಲ, ಮಷಿನ್‌ಗೆ ಸದ್ದು ಬೀಳೋದಕ್ಕೆ ಇಟ್ಟಿದ್ದೀರಿ" ಎಂದರು. ಬೈದಿದ್ದರೆ ಅವನು ವಾದ ಮಾಡುತ್ತಿದ್ದ.

"ಇಲ್ಲಿ ಹೊಂದಿಸೋ ಕೋಣೆ ಅಂತ ಇದೆಯಂತಲ್ಲ, ಅದನ್ನೂ ನೋಡಬೇಕು" ಎಂದು ಆಕೆ ಎದ್ದರು. ಕಿವಿಯಕ್ಕ ಅಮ್ಮನನ್ನು ಕೂರಿಸಿದಳು. ಮೇಜಿನ ಮೇಲೆ ಅವೇ ಸಾಮಾನು: ಒಂದು ಹಳೆಯ ಪತ್ರಿಕೆ, ಬೀಗದ ಕೈ ಗೊಂಚಲು, ತಟ್ಟೆ, ಚಮಚ. ಅವನು ಮೂಲೆಯಲ್ಲಿ, ಯಾರೂ ಹೇಳದೆಯೇ, ಕೈ ಮೇಲೆ ಕೂತ. ಕಿವಿಯಕ್ಕ ಮಷಿನ್ನುಗಳನ್ನು ಅಮ್ಮನ ಕಿವಿಗಿಟ್ಟು, ಕಂಪ್ಯೂಟರಿನಲ್ಲಿ ಸದ್ದನ್ನು ಪಾತಾಳಕ್ಕಿಳಿಸಿ, ಪತ್ರಿಕೆಯ ಒಂದು ಹಾಳೆ ಮಗುಚಿದಳು. "ಬಂತಾ?" "ಇಲ್ಲ." ಒಂದಿಷ್ಟೇ ಏರಿಸಿ ಮತ್ತೆ ಮಗುಚಿದಳು. "ಬಂತಾ?" "ಹೂಂ... ಬಂತು." ಅಮ್ಮನ ಬೆನ್ನು ನೆಟ್ಟಗಾಯಿತು. ಮೊದಲ ಗುಂಡಿ ದಾಟಿದಳು ಎಂದು ಅವನ ಮನಸ್ಸು ಹೇಳಿತು. ಸಣ್ಣ ಗುಂಡಿ, ಬೇಕೆಂದೇ ಸಣ್ಣದು. ಈ ಕಿವಿಯಕ್ಕನಿಗೆ ಇದನ್ನು ಯಾರು ಹೇಳಿಕೊಟ್ಟರು? ಕೀ ಗೊಂಚಲು ದಾಟಿತು. ತಟ್ಟೆಯ ಸರದಿ ಬಂದಾಗ ಅಮ್ಮ ಸದ್ದಾಗುವ ಮೊದಲೇ ಮುಖ ಕಿವುಚಿದಳು. ಕಿವಿಯಕ್ಕ ತಟ್ಟೆ ಬಡಿಯಲಿಲ್ಲ. ತಟ್ಟೆಯನ್ನೂ ಚಮಚವನ್ನೂ ಅಮ್ಮನ ಕೈಗೇ ಕೊಟ್ಟಳು. "ನೀವೇ ಬಡೀರಿ. ನಿಮಗೆ ಎಷ್ಟು ಬೇಕೋ ಅಷ್ಟೇ." ಅಮ್ಮ ಅಂಜುತ್ತಾ ಒಂದು ಸಲ ಮುಟ್ಟಿಸಿದಳು. ಕಿವಿಯಕ್ಕ ಅವಳ ಹುಬ್ಬನ್ನೇ ನೋಡುತ್ತಾ ಒಂದು ಗೀರು ಇಳಿಸಿದಳು. ಮತ್ತೊಂದು ಸಲ, ಇನ್ನೊಂದು ಸಲ. ಎರಡು ನಿಮಿಷದಲ್ಲಿ ಅಮ್ಮ ಮಗು ಬಡಿದ ಹಾಗೆ ತಟ್ಟೆ ಬಡಿಯುತ್ತಾ ನಗುತ್ತಿದ್ದಳು. ಅಷ್ಟು ದಿನ ಅವಳನ್ನು ಹೆದರಿಸಿದ ಸದ್ದು ಈಗ ಅವಳ ಕೈಯಲ್ಲಿತ್ತು. ಆಟದ ಮೇಡಂ ಬಾಗಿಲಿಗೊರಗಿ ನಿಂತು ಕಾಗದ ತೆಗೆದವರು ಬರೆಯುವುದನ್ನೇ ಮರೆತಿದ್ದರು. ಎರಡು ವರ್ಷ ಅವನು ಯಾವ ಆಟಗಳಲ್ಲಿ, ಯಾವ ಭಾಷಣಗಳಲ್ಲಿ ಹುಡುಕಿದ್ದನೋ ಅದು ಆಫೀಸಿನ ಎರಡನೇ ಮಹಡಿಯಲ್ಲಿ, ಒಂದು ನಗ್ಗಿದ ತಟ್ಟೆಯಲ್ಲಿ ಇತ್ತು. ಅದನ್ನು ಗಡಿಯಾರ ಹಿಡಿದು ನೋಡಿದ್ದ, ನೋಡಿಯೂ ಕಂಡಿರಲಿಲ್ಲ. ಕಿವಿಯಕ್ಕನ ಬಗ್ಗೆ ಅವನಿಗೆ ಆಗ ಹುಟ್ಟಿದ ಗೌರವ ಎಷ್ಟಿತ್ತೆಂದರೆ ಎದ್ದು ನಿಲ್ಲಬೇಕೆನಿಸಿತು.

ಆಮೇಲೆ ಕಿವಿಯಕ್ಕ ಏನೂ ಮಾಡಲಿಲ್ಲ. ಸಾಮಾನು ಬದಿಗೆ ಸರಿಸಿ, ಕೈ ಕಟ್ಟಿ ಕೂತಳು. ಅವನಿಗೆ ಆ ಹನ್ನೊಂದು ನಿಮಿಷದ ಗುರುತು ಸಿಕ್ಕಿತು. ಅಮ್ಮ ಸುತ್ತ ನೋಡಿದಳು. ಗೋಡೆ ಗಡಿಯಾರದ ಕಡೆ ತಲೆ ಹೊರಳಿಸಿದಳು, ಕಾರಿಡಾರಿನಲ್ಲಿ ಯಾರೋ ನಡೆದು ಹೋದರೆ ಅವರು ಮರೆಯಾಗುವವರೆಗೂ ಕೇಳಿಸಿಕೊಂಡಳು. ಹೊಸದಾಗಿ ಬಂದ ಮನೆಯಲ್ಲಿ ಒಂದೊಂದೇ ಕೋಣೆಯ ದೀಪ ಹಾಕಿ ನೋಡುವವಳಂತೆ ಅವಳು ಸದ್ದುಗಳ ನಡುವೆ ಓಡಾಡುತ್ತಿದ್ದಳು. ಯಾರೂ ಅವಳನ್ನು ಅವಸರ ಮಾಡಲಿಲ್ಲ. ಇದ್ದಕ್ಕಿದ್ದಂತೆ ಹಿಂದಕ್ಕೆ ತಿರುಗಿದಳು. "ಯಾರು ನಿಟ್ಟುಸಿರು ಬಿಟ್ಟಿದ್ದು?" ಮೂಲೆಯಲ್ಲಿ ಅವನೊಬ್ಬನೇ ಇದ್ದ. "ನೀನಾ?" ಅವನು ನಿಟ್ಟುಸಿರು ಬಿಟ್ಟಿದ್ದು ಅವನಿಗೇ ಗೊತ್ತಿರಲಿಲ್ಲ. ಅಮ್ಮ ಕುರ್ಚಿಯನ್ನೇ ಅವನ ಕಡೆ ತಿರುಗಿಸಿಕೊಂಡಳು. "ಮನೇಲೂ ಹೀಗೇ ಬಿಡ್ತಾ ಇರ್ತೀಯೇನೋ? ನನಗೆ ಗೊತ್ತೇ ಆಗಿಲ್ವಲ್ಲೋ" ಎಂದಳು. ಮಾತಾಡಬಾರದು ಎಂಬ ನಿಯಮ ಈ ಕೋಣೆಯಲ್ಲಿ ಇರಲಿಲ್ಲ. ಅವನು ತೊಡೆಯ ಕೆಳಗಿನಿಂದ ಕೈ ತೆಗೆದ, ಅಷ್ಟೇ. ಕಾರಿಡಾರಿಗೆ ಬಂದ ಮೇಲೆ ಆಟದ ಮೇಡಂ ಕಿವಿಯಕ್ಕನನ್ನು ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಅವಳು, "ಕಲಿಯೋದೇನು ಮೇಡಂ, ಸುಮ್ನೆ ಎದುರಿಗಿರೋರ ಮುಖ ನೋಡ್ತಾ ಕೂತ್ಕೊಂಡ್ರೆ ಅವರೇ ಹೇಳ್ಕೊಡ್ತಾರೆ" ಎಂದು ಮುಂದಿನ ಗಿರಾಕಿಯನ್ನು ಕರೆದಳು.

ಅವನು ಊಟ ಮಾಡಲಿಲ್ಲ. ತನ್ನ ಗೂಡಿನಲ್ಲಿ ಕೂತು, ಅಮ್ಮನನ್ನು ಬಿಟ್ಟರೆ ಅತಿ ಹೆಚ್ಚು ನಕ್ಷತ್ರದ ಹನ್ನೆರಡು ಗಿರಾಕಿಗಳಿಗೆ ತಾನೇ ಫೋನು ಮಾಡಿದ. ಐದು ಜನ ನಿಜವಾಗಿ ಹಾಕಿಕೊಳ್ಳುತ್ತಿದ್ದರು, ಆ ಐವರನ್ನೂ ಮೊದಲು ಹೊಂದಿಸಿಕೊಟ್ಟಿದ್ದು ಯಾವುದೋ ಶಾಖೆಯ ಕೋಣೆ. ಉಳಿದ ಏಳು ಜನರಲ್ಲಿ ಆರು ಜನರ ಮಷಿನ್ ಇದ್ದದ್ದು ಟಿವಿಯ ಪಕ್ಕ, ಫ್ಯಾನಿನ ಕೆಳಗೆ. ಒಬ್ಬ ಅಜ್ಜ ನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದ್ದರಂತೆ. ನಾಯಿ ಇಡೀ ದಿನ ಬೊಗಳಿ ತೊಂಬತ್ತು ನಕ್ಷತ್ರ ಗಳಿಸಿತ್ತು. ನಗು ಬಂತು, ನಗುತ್ತಲೇ ಕಣ್ಣು ಹನಿಗೂಡಿತು. ಎಲ್ಲರಿಗೂ ಯಾರೋ ಒಬ್ಬರನ್ನು ಖುಷಿಪಡಿಸಬೇಕಿತ್ತು. ಬೇಕಾದರೆ ಬಾಯಿ ಮುಚ್ಚಿಕೊಂಡಿರಬಹುದು ಎಂಬ ಯೋಚನೆ ಮೂರೂವರೆಗೆ ಬಂತು. ಆಟದ ಮೇಡಂ ಚಾಡಿ ಹೇಳುವವರಲ್ಲ. ಗೋಡೆಯ ಮೇಲೆ ಅಂಕಿಗಳು ಚೆನ್ನಾಗಿ ಹೊಳೆಯುತ್ತವೆ, ಕೋಣೆಗಳು ಮುಚ್ಚುತ್ತವೆ, ಅವನ ಹುದ್ದೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಕನ್ನಡಿಯಲ್ಲಿ ಬೆಳಗಿನ ಮುಖವೇ ಇತ್ತು.

ದೊಡ್ಡವರಿಗೆ ಮೀಟಿಂಗಿನ ಉದ್ದಕ್ಕೂ ಪೆನ್ಸಿಲ್ ಚೂಪು ಮಾಡುವ ಅಭ್ಯಾಸ. ಅವನು ಮೊದಲ ಚಿತ್ರ ತೋರಿಸಿದ: ನೂರ ನಲವತ್ತು ನಕ್ಷತ್ರದ ಸರ. "ಭೇಷ್" ಎಂದರು ದೊಡ್ಡವರು, "ಯಾರಯ್ಯಾ ಇವರು, ಕರೆಸಿ ಸನ್ಮಾನ ಮಾಡೋಣ." "ನಮ್ಮಮ್ಮ ಸಾರ್" ಎಂದ. "ಈ ನಕ್ಷತ್ರ ಅವರದ್ದಲ್ಲ. ನಮ್ಮನೆ ರೇಡಿಯೋದ್ದು." ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಲಿಲ್ಲ. ನಾಯಿಯ ತೊಂಬತ್ತನ್ನೂ ಹೇಳಿದ, ಮೇಜಿನ ಸುತ್ತ ಒಂದು ಅಲೆ ನಗು ಎದ್ದು ಅವನ ಮುಖ ನೋಡಿ ತಣ್ಣಗಾಯಿತು. 'ಹನ್ನೊಂದು ನಿಮಿಷ: ಏನೂ ಮಾಡಲಿಲ್ಲ' ಎಂಬ ಸಾಲನ್ನೂ ಗೋಡೆಯ ಮೇಲೆ ಬಿಟ್ಟ, ದಪ್ಪಕ್ಷರದಲ್ಲಿಯೇ. "ಇದನ್ನ ಬರೆದಿದ್ದು ನಾನು ಸಾರ್. ಇದು ಸುಳ್ಳು. ಆ ಹನ್ನೊಂದು ನಿಮಿಷದಲ್ಲಿ ಕಿವಿ ತಾನೇ ಕಲಿಯುತ್ತೆ. ನಾನು ಮಾಡಿಸಿದ ಆ್ಯಪಿಗೆ ಕಾಯೋಕೆ ಬರಲ್ಲ." ಪೆನ್ಸಿಲ್ ನಿಂತಿತ್ತು. "ಹಾಗಾದ್ರೆ ಎರಡು ವರ್ಷ ಏನಯ್ಯಾ ಮಾಡ್ದೆ?" ಎಂದರು ದೊಡ್ಡವರು. ಕೇಳಬೇಕಾದ ಪ್ರಶ್ನೆಯೇ. ಕೋಣೆಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಬಿದ್ದೆ ಎಂದುಕೊಂಡ, ಬಿದ್ದದ್ದು ನೋವಾಯಿತು, ಆದರೆ ನಿಂತಿರುವುದು ಗುಂಡಿಯ ದಡದಲ್ಲೇ ಎಂದೂ ಅನ್ನಿಸಿತು. "ತಪ್ಪು ಮಾಡಿದ್ದೀನಿ ಸಾರ್. ಕೋಣೆಗಳನ್ನ ಮುಚ್ಚಬೇಡಿ. ಮೂರು ತಿಂಗಳು ಕಿವಿಯಕ್ಕನ ಕೋಣೇಲಿ ಮೂಲೇಲಿ ಕೂತ್ಕೋತೀನಿ. ಆಮೇಲೆ ಆ್ಯಪನ್ನ ಮೊದಲಿಂದ ಮಾಡ್ತೀನಿ, ಅವರು ಹೇಳಿದ ಹಾಗೆ." ದೊಡ್ಡವರು ಪೆನ್ಸಿಲ್ಲಿನ ತೊಗಟೆಯನ್ನು ಬೆರಳಿನಿಂದ ಒಟ್ಟುಮಾಡಿ, "ಮೂರೇ ತಿಂಗಳು. ಮುಖ್ಯಸ್ಥನ ಕುರ್ಚಿ ಅಲ್ಲೀವರೆಗೆ ಖಾಲಿ ಇರುತ್ತೋ ಇಲ್ವೋ ಹೇಳಲಾರೆ" ಎಂದು, ಪೆನ್ಸಿಲ್ ಕೆಳಗಿಟ್ಟು, "ನಿಮ್ಮಮ್ಮನ್ನ ಕೇಳಿದೆ ಅಂತ ಹೇಳು" ಎಂದರು.

ಅಮ್ಮ ಸ್ವಾಗತದ ಕೋಣೆಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ಕಿವಿಯಲ್ಲಿ ಮಷಿನ್ ಇತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ಅವಳ ಫೋನು ಗುಂಯ್ ಅಂದಿತು. ಅವನ ಆ್ಯಪ್ ಒಂದು ಅಳುಮೋರೆಯ ಬೊಂಬೆ ತೋರಿಸಿ, ಇವತ್ತು ಎಂಟು ಗಂಟೆ ಆಗುವುದಿಲ್ಲ, ಸರ ಕಡಿಯುತ್ತಿದೆ ಎಂದು ಎಚ್ಚರಿಸುತ್ತಿತ್ತು. ಅಮ್ಮ ಗಾಬರಿಯಾದಳು. "ರೇಡಿಯೋ ಹತ್ರ ಇಡಲೇ ಇಲ್ಲ ಇವತ್ತು. ಹೋಯ್ತಲ್ಲೋ ಎಲ್ಲಾ. ನಿನಗೇನೂ ತೊಂದ್ರೆ ಆಗಲ್ಲ ತಾನೇ?" ಅವನು ರಸ್ತೆ ನೋಡುತ್ತಾ, ಎದೆಯೊಳಗೇ ಹೇಳಿಕೊಂಡಂತೆ, ನನ್ನಿಂದ ತಪ್ಪಾಯ್ತಮ್ಮಾ ಎಂದ. "ಏನಂದೆ?" ಎಂದಳು ಅಮ್ಮ. ರೂಢಿ ಎಷ್ಟು ಕೆಟ್ಟದ್ದೆಂದರೆ ನಾಲಿಗೆ ತಾನಾಗಿಯೇ ಹೊರಳಿತು. "ಏನಿಲ್ಲ ಬಿಡು."

ಅಮ್ಮ ನಕ್ಕಳು. "ಓ, ಇದಾ ನೀನು ದಿನಾ ಹೇಳ್ತಿದ್ದಿದ್ದು? ಏನೋ ಉತ್ತರ ಕೊಡ್ತಾನೆ, ನನಗೇ ಕೇಳಿಸಲ್ಲ ಅಂದ್ಕೊಂಡಿದ್ದೆ."

ಅವನಿಗೆ ಮುಖ ಎತ್ತಲಾಗಲಿಲ್ಲ. ಎಷ್ಟೋ ವರ್ಷ ಅವಳು ಆ ಎರಡು ಮಾತಿನ ಜಾಗದಲ್ಲಿ ಏನೇನು ಉತ್ತರಗಳನ್ನು ಊಹಿಸಿಕೊಂಡು ಸಮಾಧಾನಪಟ್ಟಿದ್ದಳೋ. ಅವನು ಬೆಂಚಿನ ಮೇಲೆ ಅವಳ ಕಡೆಗೆ ತಿರುಗಿ ಕೂತ, ಸಂಜೆಯ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ. "ತಪ್ಪಾಯ್ತಮ್ಮಾ ಅಂದೆ" ಎಂದ. ಆಮೇಲೆ ಬೆಳಗಿನಿಂದ ಶುರು ಮಾಡಿದ. ಕನ್ನಡಿ, ಮೂರು ಗೀಟು, ಬೊಗಳಿದ ನಾಯಿ, ದೊಡ್ಡವರು ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ. ಅಮ್ಮ ಅವನ ಬಾಯಿ ನೋಡುವುದನ್ನು ಬಿಟ್ಟು ಕಣ್ಣು ನೋಡುತ್ತಾ ಕೇಳುತ್ತಿದ್ದಳು. ಅವರ ಬಸ್ಸು ಬಂತು, ಸದ್ದು ಮಾಡುತ್ತಾ ನಿಂತಿತು. ಇಬ್ಬರೂ ಏಳಲಿಲ್ಲ. ಅದು ಹೊರಟು ಮರೆಯಾಗುವವರೆಗೆ ಕಾದು, ಅವನು ಬಿಟ್ಟಲ್ಲಿಂದ ಮತ್ತೆ ಹೇಳತೊಡಗಿದ.